ಹೋಲ್ಡಾನಕ್ಕ ಪಾರ್ಕಿಗೆ ಬಾಗಿಲು ಕೇಳಿದ್ದು

ಹೋಲ್ಡಾನಕ್ಕನ ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೇ ಪಾರ್ಕು. ನಡುವೆ ಇರುವುದು ಒಂದು ಗೋಡೆ, ಅಷ್ಟೇ. ಒಲೆ ಮೇಲೆ ಹಾಲಿಟ್ಟು ನಿಂತರೆ ಆಚೆ ಬದಿಯ ದೊಡ್ಡ ಮನೆಗಳವರು ಬಿಳಿ ಬೂಟು ಹಾಕಿಕೊಂಡು ಕೈಬೀಸಿ ನಡೆಯುವುದು ಕಾಣುತ್ತಿತ್ತು. ಯಾರ ಮಂಡಿ ನೋಯುತ್ತಿದೆ, ಯಾರ ಸೊಸೆ ಮಾತು ಬಿಟ್ಟಿದ್ದಾಳೆ ಎಂಬುದೂ ಕೇಳುತ್ತಿತ್ತು. ಸುತ್ತು ಮುಗಿಸಿದ ಮೇಲೆ ಅವರೆಲ್ಲ ವೃತ್ತಾಕಾರವಾಗಿ ನಿಂತು, ಆರೋಗ್ಯಕ್ಕೆ ಒಳ್ಳೆಯದೆಂದು, ಹೊಟ್ಟೆ ಹಿಡಿದುಕೊಂಡು ಹಹ್ಹಹ್ಹ ಎಂದು ನಗುತ್ತಿದ್ದರು. ನಗು ಬಾರದೆ ನಗುವವರನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಈ ಗಲ್ಲಿಗೆ ಬಂದು ಇದ್ದು ನೋಡಲಿ, ನಗು ತಾನಾಗಿ ಬರುತ್ತೆ ಅನ್ನುತ್ತಿದ್ದಳು.

ಯಾಕೆಂದರೆ ಆ ಪಾರ್ಕಿಗಿದ್ದ ಒಂದೇ ಒಂದು ಗೇಟು ಆಚೆ ಬದಿಗಿತ್ತು. ಗಲ್ಲಿಯವರು ಅಲ್ಲಿಗೆ ಹೋಗಬೇಕೆಂದರೆ ಗ್ಯಾರೇಜುಗಳ ಮುಂದೆ ನಿಂತ ಗಾಡಿಗಳ ಸಂದಿಯಲ್ಲಿ ನುಸುಳಬೇಕು, ಅಲ್ಲಾಡುವ ಚರಂಡಿ ಚಪ್ಪಡಿ ಮೇಲೆ ಹೆಜ್ಜೆ ಹಾಕಬೇಕು, ದೊಡ್ಡ ರಸ್ತೆ ಸಿಕ್ಕಿದ ಮೇಲೆ ಅದರ ನಡುವಿನ ಕಬ್ಬಿಣದ ಬೇಲಿಗುಂಟ ನಡೆದು, ಮೇಲ್ಸೇತುವೆ ಹತ್ತಿ ಇಳಿದು, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಗಟ್ಟಿಮುಟ್ಟಾದವರಿಗೂ ಅಲ್ಲಿ ಮುಟ್ಟುವಷ್ಟರಲ್ಲಿ ಇನ್ನು ನಡೆಯುವ ಆಸೆ ಉಳಿದಿರುವುದಿಲ್ಲ.

ಅಕ್ಕ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ನಿವೃತ್ತಿಯಾದರೂ ಗಂಟಲು ನಿವೃತ್ತಿಯಾಗಿರಲಿಲ್ಲ. ಗಲ್ಲಿಯಲ್ಲಿ ಸ್ಕೂಟರು ಜೋರಾಗಿ ಬಂದರೆ ಮನೆಯೊಳಗಿಂದಲೇ "ಹೋಲ್ಡಾನ್" ಅನ್ನುತ್ತಿದ್ದಳು, ಸ್ಕೂಟರು ನಿಲ್ಲುತ್ತಿತ್ತು. ಹೆಸರು ಬಂದದ್ದು ಹಾಗೆ. ಟಿಕೆಟ್ಟಿನ ವಿಷಯದಲ್ಲಂತೂ ಅವಳು ದೇವರಿಗೂ ರಿಯಾಯಿತಿ ಕೊಡುವವಳಲ್ಲ. ಒಡಹುಟ್ಟಿದ ತಮ್ಮನನ್ನೇ, ಅಕ್ಕನ ಬಸ್ಸು ತಾನೇ ಎಂದು ಟಿಕೆಟ್ ತೆಗೆದುಕೊಳ್ಳದೆ ಕೂತಿದ್ದಕ್ಕೆ, ಸುಡುಬಿಸಿಲಲ್ಲಿ ಸ್ಟಾಪೇ ಅಲ್ಲದ ಕಡೆ ಇಳಿಸಿದ್ದಳು. ಆ ತಮ್ಮ ಈಗಲೂ ಅವಳ ಮನೆಗೆ ಬಂದರೆ ಕೂರುವ ಮೊದಲು, ಇಲ್ಲಿ ಕೂರಬಹುದಾ ಎಂದು ಕೇಳುತ್ತಾನೆ.

ಅವಳ ಯಜಮಾನರು ಬಡಗಿ. ಗಲ್ಲಿಯ ಅರ್ಧ ಮನೆಗಳ ಬಾಗಿಲು ಅವರ ಕೈಯದೇ. ಒಂದು ಬೆಳಗ್ಗೆ ಹಲಗೆ ಹಿಡಿದುಕೊಂಡಿದ್ದ ಹಾಗೇ ಬಲಗೈ ಬಲಗಾಲು ಸತ್ತಂತಾಗಿ ಬಿದ್ದರು. ಆಸ್ಪತ್ರೆಯಿಂದ ಬಂದಾಗ ಮಾತು ಸರಿಯಿತ್ತು, ಕೈ ಸ್ವಲ್ಪ ಏಳುತ್ತಿತ್ತು, ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಒಂದೇ: ಸಮನಾದ ನೆಲದಲ್ಲಿ ದಿನಾ ನಡೆಸಿ, ಈ ವರ್ಷ ನಡೆದರೆ ನಡೆದರು, ಇಲ್ಲದಿದ್ದರೆ ಕಾಲು ನಡಿಗೆಯನ್ನೇ ಮರೆತುಬಿಡುತ್ತೆ. ಅಕ್ಕ ಅವರನ್ನು ಗಲ್ಲಿಯಲ್ಲಿ ನಡೆಸಲು ನೋಡಿದಳು. ಎರಡನೇ ದಿನವೇ ಹಾಲಿನ ಗಾಡಿ ಉಜ್ಜಿಕೊಂಡು ಹೋಗಿ ಬಿದ್ದರು. ಆಮೇಲೆ ಯಜಮಾನರು ಹೊಸ್ತಿಲ ಕಡೆ ನೋಡಲಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡು ಪಾರ್ಕು ನೋಡುತ್ತಾ ಕೂತರು.

ನಿಜ ಹೇಳಬೇಕೆಂದರೆ ಪಾರ್ಕಿಗೆ ಇನ್ನೊಂದು ದಾರಿಯೂ ಇತ್ತು. ಗಲ್ಲಿಯ ಕೊನೆಗೆ, ನೀರಿನ ಟ್ಯಾಂಕಿನ ಹಿಂದೆ, ಮರದ ಬೇರು ನುಗ್ಗಿ ಗೋಡೆ ಒಡೆದು ಬಾಗಿಲಷ್ಟಗಲ ಬಿದ್ದುಹೋಗಿತ್ತು. ಗಲ್ಲಿಯವರೆಲ್ಲ ಸದ್ದಿಲ್ಲದೆ ಅಲ್ಲೇ ಓಡಾಡುತ್ತಿದ್ದರು. ಅಕ್ಕ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಒಡೆದ ಗೋಡೆಯಲ್ಲಿ ನುಗ್ಗುವುದೂ ಟಿಕೆಟ್ ಇಲ್ಲದೆ ಬಸ್ಸು ಹತ್ತುವುದೂ ಅವಳ ಲೆಕ್ಕದಲ್ಲಿ ಒಂದೇ. ನಮ್ಮದೇ ಊರಿನ ಪಾರ್ಕಿಗೆ ಕಳ್ಳರ ಹಾಗೆ ಯಾಕೆ ಹೋಗಬೇಕು, ಗೇಟು ಮಾಡಿಕೊಡಿ ಎಂದು ಕೇಳುತ್ತೇನೆ, ಕೊಡದೆ ಏನು ಮಾಡುತ್ತಾರೆ ಎಂದು ಹೊರಟಳು.

ನಗರ ಕಚೇರಿಯ ಉದ್ಯಾನ ವಿಭಾಗದ ಸಾಹೇಬನ ಮೇಜಿನ ಮೇಲೆ ಒಂದು ಗಿಡವಿತ್ತು. ಪ್ಲಾಸ್ಟಿಕ್ಕಿನದು. ಅದರ ಎಲೆ ಮೇಲೆ ಧೂಳು ಎಷ್ಟು ದಪ್ಪ ಕೂತಿತ್ತೆಂದರೆ ಬೀಜ ಹಾಕಿದ್ದರೆ ಅಲ್ಲೇ ಏನಾದರೂ ಮೊಳೆಯುತ್ತಿತ್ತು. ಹಿಂದಿನ ಗೋಡೆ ಪೂರ್ತಿ ನಗರದ ನಕ್ಷೆ. ಪ್ರತಿಯೊಬ್ಬ ನಾಗರಿಕನಿಗೂ ನಡೆದು ಹೋಗುವ ದೂರದಲ್ಲಿ ಹಸಿರು ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸುಲಭದ್ದು. ಕೈವಾರದ ಮುಳ್ಳನ್ನು ಪಾರ್ಕಿನ ನಟ್ಟನಡುವೆ ಚುಚ್ಚುವುದು, ಸುತ್ತ ಒಂದು ವೃತ್ತ ಎಳೆಯುವುದು, ವೃತ್ತದೊಳಗೆ ಬಿದ್ದ ಮನೆಗಳಿಗೆಲ್ಲ ಹಸಿರು ಬಳಿಯುವುದು. ಅವರಿಗೆಲ್ಲ ಪಾರ್ಕು ಸಿಕ್ಕಿಬಿಟ್ಟಿತು. ನಡುವೆ ಗೋಡೆ ಇರಲಿ, ರೈಲು ಹಳಿ ಇರಲಿ, ಕೈವಾರಕ್ಕೇನು ಗೊತ್ತಾಗುತ್ತದೆ?

ಸಾಹೇಬ ಎದ್ದು ಪೆನ್ನಿನ ತುದಿಯಿಂದ ತೋರಿಸಿದ. "ನೋಡಮ್ಮ, ಇದು ನಿಮ್ ಗಲ್ಲಿ. ಪೂರ್ತಿ ಹಸಿರಲ್ಲಿದೆ. ನಿಮಗೆ ಪಾರ್ಕ್ ಇದೆ."

"ಇದೆ ಸರ್. ನೋಡೋಕಿದೆ, ಹೋಗೋಕಿಲ್ಲ."

"ಎಷ್ಟು ಹತ್ರ ಇದೆ ನೋಡಿ. ಇಡೀ ಊರಲ್ಲಿ ಇಷ್ಟು ಹತ್ರ ಯಾರಿಗೂ ಇಲ್ಲ."

"ಗೋಡೆ ಹಾರಕ್ಕೆ ನಮ್ಮೆಜಮಾನ್ರೇನು ಬೆಕ್ಕಾ ಸರ್?"

ಸಾಹೇಬ ನಗಲಿಲ್ಲ. ನಕ್ಷೆಯಲ್ಲಿ ಬಿಳಿ ಇರುವ ಕಡೆ ಮಾತ್ರ ಹೊಸ ಗೇಟು, ಹೊಸ ಪಾರ್ಕು. ಹಸಿರಾದ ಕಡೆ ಕೆಲಸ ಮುಗಿದಿದೆ ಎಂದು ವಿವರಿಸಿದ. ಈ ಗಲ್ಲಿಯನ್ನು ಒಂದು ಮಾದರಿಯಾಗಿ ವರದಿಯಲ್ಲಿ ತೋರಿಸಿದ್ದೇವೆ ಅಂತಲೂ ಹೇಳಿದ. ಅಕ್ಕನಿಗೆ ರೇಗಿತು. ಅಗತ್ಯ ಇಲ್ಲ ಅನ್ನುತ್ತಾನಲ್ಲ ಈ ಪುಣ್ಯಾತ್ಮ, ಸಾಬೀತು ಮಾಡಿ ತೋರಿಸುತ್ತೇನೆ ಎಂದುಕೊಂಡು, ಗಲ್ಲಿಯವರು ಯಾರೂ ಬಾಯಿ ಬಿಡದ ಮಾತನ್ನು ಬಾಯಿಬಿಟ್ಟಳು. ಟ್ಯಾಂಕಿನ ಹಿಂದೆ ಗೋಡೆ ಒಡೆದಿದೆ, ಜನ ಎಲ್ಲ ಅದರಲ್ಲೇ ನುಗ್ಗಿ ಹೋಗುತ್ತಾರೆ, ಅಷ್ಟು ಜನಕ್ಕೆ ಪಾರ್ಕು ಬೇಕಾಗಿದೆ ತಾನೇ, ಅಲ್ಲೇ ಒಂದು ಗೇಟು ಕೂರಿಸಿ. ಹೀಗೆ ಪ್ರಾಮಾಣಿಕವಾಗಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದು ಅವಳಂಥ ಕಂಡಕ್ಟರಿಗೆ ಮಾತ್ರ ಸಾಧ್ಯ. ಸಾಹೇಬ ಮೊದಲ ಸಲ ಕಿವಿ ನಿಮಿರಿಸಿ ಕೇಳಿದ. ಗೋಡೆ ಒಡೆದಿದೆಯಾ, ಎಲ್ಲಿ ಅಂದ್ರಿ, ಎಂದ.

ಮರುವಾರ ಸಾಹೇಬ ಖುದ್ದಾಗಿ ಸ್ಥಳ ನೋಡಲು ಬಂದ. ಬಂದದ್ದು ಕಾರಿನಲ್ಲಿ, ಆಚೆ ಗೇಟಿನಿಂದ. ತಲೆಯ ಮೇಲೆ ಕೊಡೆ ಹಿಡಿಯಲು ಒಬ್ಬ, ಫೈಲು ಹಿಡಿಯಲು ಒಬ್ಬ. ನುಣುಪು ದಾರಿಯಲ್ಲಿ ಹಾಯಾಗಿ ನಡೆದು ಬಂದು, ಬಿದ್ದ ಗೋಡೆಯ ಆ ಬದಿ ನಿಂತು, ಈ ಬದಿ ನಿಂತಿದ್ದ ಅಕ್ಕನನ್ನು ನೋಡಿ ಖುಷಿಯಾಗಿ ಹೇಳಿದ: "ಇಲ್ಲೇ ಇದೀರಲ್ಲಮ್ಮ. ಇನ್ನೆಷ್ಟು ಹತ್ರ ಬೇಕು ನಿಮಗೆ?"

ಈ ಕಡೆ ಬನ್ನಿ ಸರ್, ಇಲ್ಲಿಂದ ಗೇಟಿನ ತನಕ ಒಂದು ಸಲ ನನ್ನ ಜೊತೆ ನಡೆಯಿರಿ, ಸಾಕು, ಎಂದು ಅಕ್ಕ ಕೈ ಮುಗಿದು ಕೇಳಿದಳು. ಸಾಹೇಬ ಚರಂಡಿಯ ಚಪ್ಪಡಿ ನೋಡಿದ, ತನ್ನ ಬೂಟು ನೋಡಿದ, ಮುಂದಿನ ಸಲ ಎಂದ.

ಆಮೇಲೆ ನೋಡಬೇಕಿತ್ತು ಕಚೇರಿಯ ಚುರುಕು. ಬೀದಿದೀಪ ಕೆಟ್ಟರೆ ಹಬ್ಬದಿಂದ ಹಬ್ಬದ ತನಕ ಕತ್ತಲೆಯಲ್ಲಿ ಕೂರಿಸುವವರು, ಆ ಸಲ ವಾರ ತಿರುಗುವುದರೊಳಗೆ ಇಟ್ಟಿಗೆ, ಮರಳು, ಗಾರೆಯವರು ಎಲ್ಲ ಕಳಿಸಿದರು. ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಕೆಲಸದವರಿಗೆ ತನ್ನ ಮನೆ ನಲ್ಲಿಯಿಂದಲೇ ನೀರು ಕೊಟ್ಟಳು, ಸ್ವಲ್ಪ ಅಗಲ ಬಿಡಿ, ಕೋಲು ಹಿಡಿದವರೂ ಬರಬೇಕು ಎಂದು ಹೇಳಿ ಟೀ ಮಾಡಲು ಒಳಗೆ ಹೋದಳು. ಟೀ ತಂದಾಗ ಇಟ್ಟಿಗೆ ಮೊಣಕಾಲು ಮಟ್ಟ ಎದ್ದಿತ್ತು.

"ಹೊಸ್ತಿಲು ಎತ್ತರ ಆಯ್ತಲ್ಲಪ್ಪ," ಎಂದಳು.

ಗಾರೆಯವನು ಲೋಟ ತೆಗೆದುಕೊಂಡ. "ಹೊಸ್ತಿಲೆಲ್ಲಿ ಬಂತಮ್ಮ? ಮುಚ್ಚಕ್ಕೆ ಬಂದಿರೋದು ನಾವು."

ಸಂಜೆಗೆ ಗೋಡೆ ಮೊದಲಿಗಿಂತ ಎತ್ತರವಾಗಿತ್ತು. ಮೇಲೆ ಗಾಜಿನ ಚೂರು ಬೇರೆ.

ಗಲ್ಲಿಯವರು ಅಕ್ಕನ ಮೇಲೆ ಮುನಿಸಿಕೊಂಡರು. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಗಾಜು ಸಾಕಾ ಅಕ್ಕ, ಮನೆಯಲ್ಲಿ ಇನ್ನೆರಡು ಬಾಟ್ಲಿ ಇದಾವೆ, ಕಳಿಸ್ಲಾ ಎಂದು ಯಾರೋ ಬೆನ್ನ ಹಿಂದಿನಿಂದ ಕೇಳಿದರು. ಕೊನೆಗೆ ಪಕ್ಕದ ಮನೆ ಟೈಲರಮ್ಮ ಬ್ಲೌಸಿಗೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ ಹೇಳಿದಳು.

"ಅಕ್ಕ, ಹೇಳ್ಬಾರ್ದು ಅಂತ ಭಾವ ಮಾತು ತಗೊಂಡಿದ್ರು. ಮಧ್ಯಾಹ್ನ ನೀವು ಮಲಗ್ತಿದ್ರಲ್ಲ, ಆಗ ನಮ್ ಗಲ್ಲಿ ಕಟಿಂಗ್ ಶಾಪಿನವನು ಬಂದು ಅವರನ್ನ ಆ ಸಂದಿಯಿಂದ ಕರ್ಕೊಂಡು ಹೋಗ್ತಿದ್ದ. ದಿನಾ ಒಂದು ಸುತ್ತು. ಮೊದ್ಲು ಅವನೇ ಹಿಡ್ಕೋಬೇಕಿತ್ತು. ಆಮೇಲಾಮೇಲೆ ಭಾವ ಬರೀ ಅವನ ಭುಜದ ಮೇಲೆ ಕೈ ಇಟ್ಕೊಂಡು ನಡೀತಿದ್ರು."

ಗಂಡನ ಕಾಲು ನಡಿಗೆ ಕಲಿಯುತ್ತಿದ್ದ ದಾರಿಗೆ ಅಕ್ಕ ತಾನೇ ನೀರು ಹೊತ್ತು, ತಾನೇ ಟೀ ಕೊಟ್ಟು ಇಟ್ಟಿಗೆ ಹಾಕಿಸಿದ್ದಳು. ಮನೆಗೆ ಬಂದು ಅವರ ಮುಂದೆ ನೆಲದ ಮೇಲೆ ಕೂತಳು. ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದಳು.

ಯಜಮಾನರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿದ್ರೆ ನೀನು ಟಿಕೆಟ್ ಕೇಳ್ತಿದ್ದೆ ಕಣೆ."

ಅದಾದ ಮೇಲೆ ಅವರು ಕೋಲನ್ನೇ ಮುಟ್ಟಲಿಲ್ಲ. ಕುರ್ಚಿಯಿಂದ ಮಂಚ, ಮಂಚದಿಂದ ಕುರ್ಚಿ. ಬಲಗಾಲು ಮತ್ತೆ ನೆಲ ಕೆರೆಯತೊಡಗಿತು. ಡಾಕ್ಟರು ಅವರ ಮೊಣಕಾಲು ಮಡಿಸಿ ಬಿಡಿಸಿ ನೋಡಿ ಅಕ್ಕನ ಮುಖ ನೋಡಿದರು. ಚೆನ್ನಾಗಿ ಬರ್ತಿತ್ತಲ್ಲಮ್ಮ, ಯಾಕೆ ನಿಲ್ಸಿದ್ರಿ ಎಂದರು.

ಮಾರನೇ ದಿನ ಅವಳು ಸಾಹೇಬನ ನೀರಿಳಿಸಿಯೇ ಬರುತ್ತೇನೆಂದು ಎದ್ದಳು. ಯಜಮಾನರನ್ನು ಈಗ ಒಬ್ಬರನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಕಟಿಂಗ್ ಶಾಪಿನವನನ್ನು ಕರೆದು, ಇಬ್ಬರೂ ಸೇರಿ ಅವರನ್ನು ಗಲ್ಲಿಯ ಬಾಯಿಯ ತನಕ ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಬಸ್ಸು ಹತ್ತಿಸಿದರು. ಬಸ್ಸು ಮಾತ್ರ ನಗರ ಕಚೇರಿಯ ಮೆಟ್ಟಿಲ ಮುಂದೆಯೇ ನಿಲ್ಲುತ್ತಿತ್ತು. ಊರಿನಲ್ಲಿ ಯಾವುದೂ ಯಾರಿಗೂ ಹತ್ತಿರ ಇಲ್ಲದಿದ್ದರೂ ಆ ಕಚೇರಿ ಎಲ್ಲರಿಗೂ ಹತ್ತಿರ.

ಸಾಹೇಬ ಇರಲಿಲ್ಲ. ಊರಿನ ಬಯಲು ಜಾಗಗಳನ್ನು ಉಳಿಸುವ ಬಗ್ಗೆ ಒಂದು ಹೋಟೆಲಿನ ಏಸಿ ಹಾಲಿನಲ್ಲಿ ಸಭೆಯಂತೆ, ಅಲ್ಲಿಗೆ ಹೋಗಿದ್ದ. ಕಾಯಿರಿ ಎಂದರು. ಕಾಯುವ ಜಾಗ ಅಂದರೆ ಕಚೇರಿಯ ಉದ್ದನೆಯ ಕಾರಿಡಾರು. ಅದನ್ನು ಅಕ್ಕ ಹಿಂದೆ ಬಂದಾಗ ಸರಿಯಾಗಿ ನೋಡಿರಲಿಲ್ಲ. ಲಿಫ್ಟಿನಿಂದ ಹಿಡಿದು ಆ ತುದಿಯ ಕಿಟಕಿಯ ತನಕ ಒಂದೇ ಸಮನೆ ನೆಲ, ಒಂದು ಏರಿಲ್ಲ ಒಂದು ತಗ್ಗಿಲ್ಲ. ಮೇಲೆ ಸಾಲಾಗಿ ಫ್ಯಾನು. ಗೋಡೆಗುಂಟ ಬೆಂಚು. ಗಾಡಿಯ ಕಾಟವಿಲ್ಲ. ನೌಕರರ ಕಾಟವೂ ಇಲ್ಲ, ಅವರು ಕುರ್ಚಿ ಬಿಟ್ಟು ಏಳುವ ಪೈಕಿಯಲ್ಲ.

ಕೂತು ಕೂತು ಬೇಜಾರಾಗಿ ಯಜಮಾನರು ಎದ್ದರು. ಅಕ್ಕ ಕೈ ಕೊಡಲು ಹೋದಳು, ಕಟಿಂಗ್ ಶಾಪಿನವನು ಅವಳ ಸೆರಗು ಹಿಡಿದು ಸುಮ್ಮನೆ ಕೂರಿಸಿದ. ಯಜಮಾನರು ಒಂದು ಕೈ ಗೋಡೆಗೆ ಕೊಟ್ಟು ಜನನ ಮರಣ ವಿಭಾಗದ ಬಾಗಿಲು ದಾಟಿದರು, ತೆರಿಗೆಯವರ ಬಾಗಿಲು ದಾಟಿದರು, ಕಿಟಕಿ ಮುಟ್ಟಿ ತಿರುಗಿದರು. ವಾಪಸು ಬಂದಾಗ ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ಕಳೆ. ನೆಲ ಚೆನ್ನಾಗಿ ಹಾಕಿದ್ದಾರೆ, ಮಟ್ಟ ಹಿಡಿದು ಹಾಕಿದ ನೆಲ, ಎಂದರು ಬಡಗಿಯ ಬಾಯಲ್ಲಿ.

ಅಕ್ಕ ಸಾಹೇಬನ ನೀರಿಳಿಸುವುದನ್ನು ಮರೆತೇ ಮನೆಗೆ ಬಂದಳು. ಮರುದಿನ ಮತ್ತೆ ಹೋದರು. ಅದರ ಮರುದಿನವೂ. ಆಮೇಲೆ ಟೈಲರಮ್ಮನ ತಾಯಿ ತನ್ನ ಮಂಡಿ ತೆಗೆದುಕೊಂಡು ಬಂದಳು, ಬೆನ್ನು ಹಿಡಿದಿದ್ದ ಹಳೇ ವಾಚ್‌ಮನ್ ಬಂದ. ಅಕ್ಕನ ಮೇಲೆ ಮುನಿಸಿಕೊಂಡವರೂ ಒಬ್ಬೊಬ್ಬರಾಗಿ ಬಂದರು. ಬಸ್ಸಿನಲ್ಲಿ ಎಲ್ಲರೂ ಟಿಕೆಟ್ ತೆಗೆದುಕೊಂಡರೋ ಇಲ್ಲವೋ ಎಂದು ಅಕ್ಕ ಕಣ್ಣಿಟ್ಟೇ ಇದ್ದಳು ಎನ್ನುವುದು ಬೇರೆ ಮಾತು. ಕಚೇರಿಯ ಅಟೆಂಡರು ಒಳ್ಳೆಯವನು. ನೆಲ ಒರೆಸುವ ಹೊತ್ತು ಯಾವುದು, ಆಗ ಜಾರುತ್ತೆ, ಅದು ಬಿಟ್ಟು ಬನ್ನಿ ಎಂದು ಮೊದಲೇ ಹೇಳಿಟ್ಟ.

ಸಾಹೇಬನಿಗೆ ಇದು ಗೊತ್ತಾಗಲು ಕೆಲವು ವಾರ ಹಿಡಿಯಿತು, ಆತ ಕಚೇರಿಗೆ ಬಂದರೆ ತಾನೇ. ಒಂದು ದಿನ ಬಾಗಿಲು ತೆರೆದರೆ ಎದುರಿಗೆ ಮುದುಕರ ಮೆರವಣಿಗೆ.

"ಏನ್ರಮ್ಮ ಇದು? ಇದು ಆಫೀಸು. ಪಾರ್ಕಲ್ಲ."

"ಹೌದು ಸರ್, ಪಾರ್ಕಾಗಿದ್ರೆ ನಾವು ಒಳಗೆ ಬರಕ್ಕಾಗ್ತಿರ್ಲಿಲ್ವಲ್ಲ," ಎಂದಳು ಅಕ್ಕ. "ಇಲ್ಲಿಗಾದ್ರೆ ಬಾಗ್ಲಿದೆ."

ಸಾಹೇಬ ವಾಚ್‌ಮನ್ನರನ್ನು ಕರೆಸಿ ಹೊರಹಾಕಿಸುತ್ತೇನೆ ಎಂದ. ಇವರು ಬೆಂಚಿನಲ್ಲಿ ಕೂತು, ನಾವು ಸಾಹೇಬರನ್ನು ಕಾಣಲು ಬಂದವರು, ಕಾಯುತ್ತಿದ್ದೇವೆ ಎಂದರು. ಕಾಯುವವರನ್ನು ಹೊರಹಾಕುವ ನಿಯಮ ಆ ಕಚೇರಿಯಲ್ಲಿರಲಿಲ್ಲ, ಇದ್ದಿದ್ದರೆ ಅಲ್ಲಿ ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ. ಆಗ ಸಾಹೇಬ ತನ್ನ ಇಡೀ ಬುದ್ಧಿ ಖರ್ಚು ಮಾಡಿ ಒಂದು ಬೋರ್ಡು ಬರೆಸಿ ಹಾಕಿದ: ಇಲ್ಲಿ ನಡೆಯುವುದನ್ನು ನಿಷೇಧಿಸಲಾಗಿದೆ. ಮಧ್ಯಾಹ್ನ ಕ್ಯಾಂಟೀನಿಗೆ ಹೊರಟ ನೌಕರರು ಅದನ್ನು ಓದಿ, ಮತ್ತೆ ಹೇಗೆ ಹೋಗೋಣ, ತೆವಳೋಣವಾ ಎಂದು ಗಲಾಟೆ ಮಾಡಿದ್ದರಿಂದ ಸಂಜೆಗೆ ಬೋರ್ಡು ಇಳಿಯಿತು.

ಆ ವಾರವೇ ಹೊಸ ಕಮಿಷನರ್ ಹೇಳದೆ ಕೇಳದೆ ಬಂದುಬಿಟ್ಟರು. ಲಿಫ್ಟಿನ ಬಾಗಿಲು ತೆರೆಯುವ ಹೊತ್ತಿಗೆ ಅಕ್ಕನ ಯಜಮಾನರು ಗೋಡೆ ಬಿಟ್ಟು ಬರೀ ಕೋಲಿನಲ್ಲಿ ನಡೆಯುತ್ತಿದ್ದರು. ಹಿಂದೆ ಟೈಲರಮ್ಮನ ತಾಯಿ, ಅವಳ ಹಿಂದೆ ಉಳಿದವರು. ಯಾರು ಇವರೆಲ್ಲ ಎಂದು ಕಮಿಷನರ್ ಕೇಳಿದರು. ಇಂಥ ಹೊತ್ತಿನಲ್ಲಿ ಮನುಷ್ಯನ ಬಾಯಿಂದ ಸತ್ಯ ಬರುತ್ತದೆ ಅನ್ನುತ್ತಾರೆ, ಅಧಿಕಾರಿಯ ಬಾಯಿಂದ ಹಾಗೇನೂ ಬರುವುದಿಲ್ಲ.

"ಸಾರ್ವಜನಿಕ ಸಮಾಲೋಚನೆ ಸರ್," ಎಂದ. "ಪಾರ್ಕ್ ನೀತಿ ಬಗ್ಗೆ. ಹಿರಿಯ ನಾಗರಿಕರ ಜೊತೆ."

ಕಮಿಷನರಿಗೆ ಬಹಳ ಸಂತೋಷವಾಯಿತು. ಬಂದಾಗಿನಿಂದ ಸಮಾಲೋಚನೆ ಮಾಡಿ ಎಂದು ಹೇಳಿ ಹೇಳಿ ಸಾಕಾಗಿತ್ತಂತೆ. ಅಲ್ಲೇ ಬೆಂಚಿನಲ್ಲಿ ಕೂತರು, ಫೋಟೋ ತೆಗೆಸಿದರು, ಏನು ತೀರ್ಮಾನವಾಯಿತು ಎಂದು ಅಕ್ಕನನ್ನೇ ಕೇಳಿದರು. ಅಕ್ಕ ಸಾಹೇಬನ ಕಡೆ ಒಂದು ಸಲ ನೋಡಿದಳು. ಅವನನ್ನು ನೀರಲ್ಲಿ ಮುಳುಗಿಸಬಹುದಿತ್ತು, ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಗಂಡ ಕೋಲೂರಿ ಬರುತ್ತಿದ್ದುದು ಕಂಡಿತು, ನುಂಗಿಕೊಂಡಳು.

"ನಮ್ ಗಲ್ಲಿ ಕಡೆ ಒಂದು ಗೇಟು ಮಾಡೋದು ಅಂತ ಸಾಹೇಬ್ರು ಒಪ್ಕೊಂಡಿದಾರೆ ಸರ್. ಮೆಟ್ಲು ಬೇಡ, ಹೊಸ್ತಿಲು ಬೇಡ. ಬೀಗಾನೂ ಬೇಡ."

ಸಾಹೇಬ ತಲೆಯಾಡಿಸಿದ. ಇನ್ನೇನು ಮಾಡಿಯಾನು?

ಆಚೆ ಬದಿಯ ನಗುವವರ ಸಂಘದವರು ಗೇಟಿಗೆ ವಿರೋಧ ಬರೆದರು. ಗಲ್ಲಿಯ ಜನ ಬಂದರೆ ಪಾರ್ಕಿನ ಶಾಂತಿ ಕೆಡುತ್ತದಂತೆ. ದಿನಾ ಬೆಳಗ್ಗೆ ಹಕ್ಕಿಗಳೆಲ್ಲ ಹೆದರಿ ಹಾರಿಹೋಗುವ ಹಾಗೆ ಹಹ್ಹಹ್ಹ ಅನ್ನುವವರು ಬರೆದ ಮಾತು ಇದು. ಆದರೆ ಫೋಟೋ ಆಗಲೇ ವರದಿಯ ಮುಖಪುಟಕ್ಕೆ ಹೋಗಿತ್ತು, ಮುಖಪುಟಕ್ಕೆ ಹೋದದ್ದನ್ನು ವಾಪಸು ತರುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಅದೇ ಗಾರೆಯವನು ಬಂದು, ತಾನೇ ಕಟ್ಟಿದ್ದನ್ನು ತಾನೇ ಒಡೆದ. ಈ ಸಲ ಟೀ ಕೆಲಸ ಮುಗಿದ ಮೇಲೆ ಎಂದಳು ಅಕ್ಕ.

ಗೇಟು ತೆರೆಯುವ ದಿನ ಶಾಮಿಯಾನ ಹಾಕಿದರು. ಇದ್ದ ಒಂದಿಷ್ಟು ನೆರಳೂ ಗಣ್ಯರ ಸೋಫಾಗಳಿಗೇ ಹೋಯಿತು, ಗಲ್ಲಿಯವರು ಬಿಸಿಲಲ್ಲಿ ನಿಂತರು. ಗೇಟಿಗೆ ಅಡ್ಡಲಾಗಿ ಕೆಂಪು ಟೇಪು, ತಟ್ಟೆಯಲ್ಲಿ ಕತ್ತರಿ. ಸಾಹೇಬ ಮೈಕು ಹಿಡಿದು ಇಲಾಖೆಯ ದೂರದೃಷ್ಟಿಯ ಬಗ್ಗೆ ಶುರು ಮಾಡಿದ. ಈ ಗಲ್ಲಿಯ ಕಷ್ಟವನ್ನು ಮೊಟ್ಟಮೊದಲು ಗುರುತಿಸಿದ್ದು ತಮ್ಮ ನಕ್ಷೆ ಎಂದ. ಅಕ್ಕನ ಹಲ್ಲು ಕಟಕಟ ಅಂದಿತು.

ಅಷ್ಟರಲ್ಲಿ ಯಜಮಾನರು ಹೊರಟುಬಿಟ್ಟಿದ್ದರು. ಬಿಸಿಲಲ್ಲಿ ನಿಂತು ಕಾಲು ಸೋತಿರಬೇಕು, ಅಥವಾ ಭಾಷಣ ಸಾಕಾಗಿರಬೇಕು. ಅಕ್ಕ ತೋಳಿಗೆ ಕೈ ಹಾಕಿದಳು. "ಬಿಡೆ, ಜನ ನೋಡ್ತಾರೆ," ಎಂದರು. ಅಕ್ಕ ಕೈ ಬಿಟ್ಟಳು. ಅವರು ಕೋಲೂರಿ ನೇರ ಗೇಟಿಗೆ ನಡೆದರು, ಟೇಪು ಎದೆಗೆ ತಾಗಿತು, ಒಂದು ಕ್ಷಣ ಬಿಗಿಯಾಗಿ ಹಿಡಿಯಿತು, ಆಮೇಲೆ ಒಂದು ಕಡೆಯ ಗಂಟು ಬಿಚ್ಚಿ ಅವರ ಹಿಂದೆಯೇ ಎಳೆದುಕೊಂಡು ಹೋಯಿತು.

"ಅಯ್ಯೋ, ನಿಲ್ಸಿ ಅವರನ್ನ. ಇನ್ನೂ ಕಟ್ ಮಾಡಿಲ್ಲ," ಎಂದ ಸಾಹೇಬ, ಮೈಕಿನಲ್ಲೇ.

"ನಿಂತ್ರೆ ಮತ್ತೆ ಹೊರಡೋದು ಕಷ್ಟ ಸರ್ ಅವರಿಗೆ," ಎಂದಳು ಅಕ್ಕ. "ನೀವು ಮಾತಾಡಿ, ಪರವಾಗಿಲ್ಲ."

ಸಾಹೇಬನೂ ಶುರು ಮಾಡಿದ್ದನ್ನು ಅಷ್ಟು ಸುಲಭಕ್ಕೆ ನಿಲ್ಲಿಸುವವನಲ್ಲ. ದೂರದೃಷ್ಟಿಯಾದ ಮೇಲೆ ಪರಿಸರ, ಪರಿಸರವಾದ ಮೇಲೆ ಮುಂದಿನ ಪೀಳಿಗೆ. ಕಟಿಂಗ್ ಶಾಪಿನವನು ಟೇಪು ಕಾಲಿಗೆ ತೊಡರದಿರಲೆಂದು ಅದನ್ನು ಸುತ್ತಿಕೊಳ್ಳುತ್ತಾ ಹಿಂದೆ ಓಡಿದ. ಸಾಹೇಬ ಮುಂದಿನ ಪೀಳಿಗೆಯನ್ನು ಮುಗಿಸಿ ಕಮಿಷನರಿಗೆ ಧನ್ಯವಾದ ಹೇಳುವಷ್ಟರಲ್ಲಿ ಯಜಮಾನರು ಒಂದು ಸುತ್ತು ಹಾಕಿ, ಶಾಮಿಯಾನದ ಪಕ್ಕದಲ್ಲೇ ಹಾದು, ಯಾರ ಕಡೆಗೂ ತಿರುಗದೆ ಎರಡನೇ ಸುತ್ತಿಗೆ ಹೋದರು.